ಅಂಡಮಾನಿನ ಮಧುಚಂದ್ರ: ಕಡಲು ಬರೆಯುವ ಜಮಾಖರ್ಚು

ಮದುವೆಯ ಖರ್ಚಿನ ಪಟ್ಟಿ ಎಂದರೆ ಛತ್ರದ ಬಾಡಿಗೆ, ಅಡುಗೆಯವರ ಮುಂಗಡ, ಜವಳಿ, ಒಡವೆ, ಓಲಗ, ಲಗ್ನಪತ್ರಿಕೆ ಎಂದು ಸಾಗಿ ವೀಳ್ಯದೆಲೆ, ತೆಂಗಿನಕಾಯಿಗೆ ಬಂದು ನಿಲ್ಲುತ್ತಿತ್ತು. ಈಚಿನ ವರ್ಷಗಳಲ್ಲಿ ಆ ಪಟ್ಟಿಯ ತಳದಲ್ಲಿ ಇನ್ನೊಂದು ಸಾಲು ಸೇರಿಕೊಂಡಿದೆ: ಹನಿಮೂನ್. ಅದರ ಮುಂದಿನ ಮೊತ್ತವನ್ನು ತುಂಬುವವರು ಯಾರು ಎಂಬುದು ಮಾತ್ರ ಹಲವು ಮನೆಗಳಲ್ಲಿ ಕೊನೆಯವರೆಗೂ ತೀರ್ಮಾನವಾಗಿರುವುದಿಲ್ಲ. ಗಂಡಿನ ಕಡೆಯವರು ‘ಅದೆಲ್ಲ ಮಕ್ಕಳ ಇಷ್ಟ’ ಎಂದು ನಕ್ಕು ಸುಮ್ಮನಾಗುತ್ತಾರೆ. ಹೆಣ್ಣಿನ ತಂದೆ ಆ ನಗೆಯನ್ನೇ ಸೂಚನೆ ಎಂದು ತಿಳಿದು ಭವಿಷ್ಯನಿಧಿಯಿಂದ ಸಾಲ ತೆಗೆಯುವ ಅರ್ಜಿ ತುಂಬಲು ಕೂರುತ್ತಾನೆ. ಅದೇ ಮನೆಯಲ್ಲಿ ಇನ್ನೊಬ್ಬಳು ಮಗಳೋ ಮಗನೋ ಪಿಯುಸಿ ಮುಗಿಸಿ ಕಾಲೇಜಿನ ಶುಲ್ಕಕ್ಕೆ ಕಾದಿರುವುದುಂಟು. ಅಕ್ಕನ ಮಧುಚಂದ್ರ ಮತ್ತು ತಂಗಿಯ ಪ್ರವೇಶ ಶುಲ್ಕ ಎರಡೂ ಹೊರಡುವುದು ಒಂದೇ ಕಿಸೆಯಿಂದ. ತಮಾಷೆ ಎಂದರೆ, ಮೊಬೈಲಿನಲ್ಲಿ ವಿಮಾನದ ದರ ಹುಡುಕಿ ಕೊಡುವವಳೂ ಬಹುಪಾಲು ಆ ತಂಗಿಯೇ.

ಒಂದು ತಲೆಮಾರಿನ ಹಿಂದೆ ಈ ಲೆಕ್ಕ ಸುಲಭವಿತ್ತು. ಊಟಿ, ಕೊಡೈಕೆನಾಲ್, ಮಡಿಕೇರಿ. ಮೈಸೂರಿನಲ್ಲಿ ಬಸ್ಸು ಹತ್ತಿದರೆ ಸಂಜೆಯೊಳಗೆ ಗುಡ್ಡದ ಮೇಲೆ. ಒಂದು ಬಸ್ಸು ತಪ್ಪಿದರೆ ಇನ್ನೊಂದು, ಕೊಠಡಿ ಹಿಡಿಸದಿದ್ದರೆ ಪಕ್ಕದ ಬೀದಿಯ ಲಾಡ್ಜು, ಕೈಯಲ್ಲಿ ಕಾಸು ಮುಗಿದರೆ ಒಂದು ದಿನ ಮುಂಚೆಯೇ ವಾಪಸು. ಈಗ ಮದುಮಕ್ಕಳ ಕಣ್ಣು ದ್ವೀಪಗಳ ಮೇಲೆ. ದ್ವೀಪದ ಲೆಕ್ಕ ಗುಡ್ಡದ ಲೆಕ್ಕದಂತಲ್ಲ. ಅಲ್ಲಿ ಪ್ರವಾಸಿಯ ಹಣವನ್ನೂ ಸಮಯವನ್ನೂ ಹೋಟೆಲಿನವನಿಗಿಂತ ಹೆಚ್ಚಾಗಿ ನಿರ್ಧರಿಸುವುದು ಕಡಲು. ಅದಕ್ಕೊಂದು ಪಾಲು ಎತ್ತಿಡದೆ ಹೊರಟ ಬಜೆಟ್ಟು ಎಷ್ಟೇ ಅಚ್ಚುಕಟ್ಟಾಗಿದ್ದರೂ ಒಂದು ಬಿರುಗಾಳಿಗೆ ತಲೆಕೆಳಗಾಗುತ್ತದೆ.

ಅಂಡಮಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಪಾಸ್‌ಪೋರ್ಟು ಬೇಡ, ವೀಸಾ ಬೇಡ, ರೂಪಾಯಿಯೇ ನಡೆಯುತ್ತದೆ. ಆದರೂ ನಕ್ಷೆಯಲ್ಲಿ ನೋಡಿದರೆ ಅದು ನಮ್ಮ ದಡಕ್ಕಿಂತ ಮ್ಯಾನ್ಮಾರಿಗೂ ಇಂಡೊನೇಷ್ಯಕ್ಕೂ ಹತ್ತಿರ. ಚೆನ್ನೈಯಿಂದ ರಾಜಧಾನಿ ಪೋರ್ಟ್‌ಬ್ಲೇರಿಗೆ ಕಡಲಿನಲ್ಲಿ ಸುಮಾರು 1,200 ಕಿಲೋಮೀಟರ್. (ಆ ಊರಿಗೆ 2024ರ ಸೆಪ್ಟೆಂಬರಿನಿಂದ ಶ್ರೀವಿಜಯಪುರಂ ಎಂದು ಹೆಸರು, ಜನರ ಬಾಯಲ್ಲಿ ಇನ್ನೂ ಹಳೆಯದೇ ಹೆಚ್ಚು.) ಹಡಗಿನಲ್ಲಿ ಹೋದರೆ ಮೂರು ದಿನಗಳ ಆಸುಪಾಸು ಬೇಕು. ತಿಂಗಳಿಗೆ ಕೆಲವೇ ಬಾರಿ ಹೊರಡುವ ಆ ಹಡಗನ್ನು ನಂಬಿ ವಾರದ ರಜೆಯಲ್ಲಿ ಹೋಗಿಬರುವುದು ಆಗದ ಮಾತು. ಹಾಗಾಗಿ ವಿಮಾನ. ಬೆಂಗಳೂರಿನಿಂದ ನೇರ ಹಾರಾಟ ಸಿಕ್ಕರೆ ಎರಡೂವರೆ, ಮೂರು ಗಂಟೆ. ಇಲ್ಲವಾದರೆ ಚೆನ್ನೈಯಲ್ಲಿ ಇಳಿದು ಹತ್ತಬೇಕು.

ಮನೆಯಲ್ಲಿ ಎಲ್ಲಾದರೂ ಕೆಂಪು ಛಾಯೆಯ ಹಳೆಯ 20 ರೂಪಾಯಿ ನೋಟು ಉಳಿದಿದ್ದರೆ ಅದರ ಹಿಂಬದಿ ನೋಡಬಹುದು. ತೆಂಗು, ಕಡಲು, ದೂರದಲ್ಲೊಂದು ದೀಪಸ್ತಂಭ. ಅದು ಪೋರ್ಟ್‌ಬ್ಲೇರಿನ ಎದುರಿನ ಮೌಂಟ್ ಹ್ಯಾರಿಯೆಟ್ ಗುಡ್ಡದಿಂದ ಕಾಣುವ ನೋಟ. ಆ ಗುಡ್ಡಕ್ಕೆ 2021ರಲ್ಲಿ ಮೌಂಟ್ ಮಣಿಪುರ ಎಂದು ಹೆಸರಾಯಿತು. 1891ರ ಯುದ್ಧದ ಬಳಿಕ ಮಣಿಪುರದ ಕೈದಿಗಳನ್ನು ಅಲ್ಲಿ ಇಟ್ಟಿದ್ದ ನೆನಪಿಗೆ. ಅಂಡಮಾನನ್ನು ಅಗ್ಗದಲ್ಲಿ ನೋಡುವ ದಾರಿ ಇದೊಂದೇ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಅರ್ಧ ಸತ್ಯವಿದೆ.

ಪಂಚಾಂಗ ಮತ್ತು ಮುಂಗಾರು

ಮೊದಲು ತೀರ್ಮಾನವಾಗಬೇಕಾದದ್ದು ಯಾವಾಗ ಹೋಗುವುದು ಎಂಬುದು. ನೈರುತ್ಯ ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದು ಅಂಡಮಾನನ್ನು, ಸಾಮಾನ್ಯವಾಗಿ ಮೇ ತಿಂಗಳ ಮೂರನೆಯ ವಾರದ ಹೊತ್ತಿಗೆ. ಅಲ್ಲಿಂದ ಮಳೆ ಹಿಡಿದರೆ ಸೆಪ್ಟೆಂಬರ್ ದಾಟುತ್ತದೆ. ಅದು ಬಿಡುವ ಹೊತ್ತಿಗೆ ಈಶಾನ್ಯ ಮಾರುತ, ಅದರ ಜೊತೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ನವೆಂಬರ್, ಡಿಸೆಂಬರಿನಲ್ಲೂ ಕಡಲು ಕೆರಳಬಹುದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡಿದು. ಕಡಲು ನಿಜವಾಗಿ ಶಾಂತವಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ.

ಇದನ್ನು ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲದ ಸಂಗತಿ ಹೊರಬೀಳುತ್ತದೆ. ವೈಶಾಖದಲ್ಲಿ, ಜ್ಯೇಷ್ಠದಲ್ಲಿ ಮದುವೆಯಾದವರು ಸುಧಾರಿಸಿಕೊಂಡು ಹೊರಡುವ ಹೊತ್ತಿಗೆ ಅಲ್ಲಿ ಮಳೆ ಶುರುವಾಗಿರುತ್ತದೆ. ಆಷಾಢ ಬಂದರೆ ಹೊಸ ಸೊಸೆ ತವರಿಗೆ. ಇಬ್ಬರೂ ಜೊತೆಯಲ್ಲಿರುವಂತಿಲ್ಲ ಎನ್ನುವ ಮನೆಗಳು ಇನ್ನೂ ಇವೆ. ಆಷಾಢದಲ್ಲಿ ಅಂಡಮಾನಿನ ಕಡಲೂ ದೋಣಿಗಳನ್ನು ದಡದಲ್ಲೇ ಇರಗೊಡುವುದರಿಂದ ಅತ್ತೆಯವರ ಮಾತು ಹವಾಮಾನ ಇಲಾಖೆಯ ಮಾತಿಗೆ ಹೊಂದಿಕೊಳ್ಳುತ್ತದೆ. ಡಿಸೆಂಬರಿನ ನಡುವಿನಿಂದ ಜನವರಿ ನಡುವಿನವರೆಗೆ ಧನುರ್ಮಾಸ, ಮುಹೂರ್ತವಿಲ್ಲ. ಆದರೆ ಕ್ರಿಸ್‌ಮಸ್, ಹೊಸ ವರ್ಷದ ರಜೆಗೆ ಇಡೀ ದೇಶವೇ ದ್ವೀಪಕ್ಕೆ ನುಗ್ಗುವುದು ಆಗಲೇ. ಟಿಕೆಟ್ಟು, ಕೊಠಡಿ ಎಲ್ಲವೂ ಗಗನಕ್ಕೆ. ಉಳಿಯುವುದು ಮಾಘ, ಫಾಲ್ಗುಣದ ಮದುವೆಗಳು. ಫೆಬ್ರವರಿಯ ಮೊದಲಲ್ಲಿ ತಾಳಿ ಕಟ್ಟಿ, ತಿಂಗಳ ಕೊನೆಗೋ ಮಾರ್ಚಿಯಲ್ಲೋ ಹೊರಟವರಿಗೆ ಕಡಲು ಶಾಂತ, ನೀರು ತಿಳಿ, ರಜೆಯ ನೂಕುನುಗ್ಗಲು ಇಳಿದಿರುತ್ತದೆ. ಮಕ್ಕಳ ಪರೀಕ್ಷೆಯ ಕಾಲವಾದ್ದರಿಂದ ಸಂಸಾರಸ್ಥರು ಆಗ ಹೊರಡುವುದು ಕಡಿಮೆ. ಬೇಸಿಗೆ ಮದುವೆಯವರಿಗೆ ಇನ್ನೊಂದು ದಾರಿಯಿದೆ: ಮುಂದಿನ ಜನವರಿಯವರೆಗೆ ಕಾಯುವುದು. ಎಂಟು ತಿಂಗಳು ಇಬ್ಬರೂ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಟ್ಟರೆ ಅಪ್ಪನ ಭವಿಷ್ಯನಿಧಿ ಅಪ್ಪನ ಹತ್ತಿರವೇ ಉಳಿಯುತ್ತದೆ. ಮಧುಚಂದ್ರ ಮದುವೆಯಾದ ವಾರದಲ್ಲೇ ಆಗಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಅಸಲು ಮಧುಚಂದ್ರವೇ ನಮ್ಮ ಶಾಸ್ತ್ರದಲ್ಲಿಲ್ಲ.

ಯಾವಾಗ ಎಂಬುದರ ಇನ್ನೊಂದು ಮುಖ ಗಡಿಯಾರದ್ದು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಬೆಂಗಳೂರು ಪೂರ್ವ ರೇಖಾಂಶ 77.6 ಡಿಗ್ರಿಯ ಮೇಲಿದೆ, ಪೋರ್ಟ್‌ಬ್ಲೇರ್ 92.7ರ ಮೇಲೆ. ವ್ಯತ್ಯಾಸ 15 ಡಿಗ್ರಿ. ಎರಡೂ ಕಡೆ ಗಡಿಯಾರ ಮಾತ್ರ ಒಂದೇ. ಆದ್ದರಿಂದ ಅಲ್ಲಿ ಸೂರ್ಯ ಸುಮಾರು ಒಂದು ಗಂಟೆ ಮೊದಲೇ ಹುಟ್ಟಿ ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯಾಸ್ತ. ಬೆಂಗಳೂರಿನ ಅಭ್ಯಾಸದಂತೆ ಒಂಬತ್ತಕ್ಕೆ ಎದ್ದು, ಹನ್ನೊಂದಕ್ಕೆ ತಿಂಡಿ ಮುಗಿಸಿ ಹೊರಟ ಜೋಡಿಗೆ ದಿನದ ಅರ್ಧ ಆಗಲೇ ಖರ್ಚಾಗಿರುತ್ತದೆ. ಆ ಅರ್ಧ ದಿನಕ್ಕೂ ಕೊಠಡಿಯ ಬಾಡಿಗೆ ಕೊಟ್ಟಾಗಿದೆ. ಮಧ್ಯಾಹ್ನ ಎರಡಕ್ಕೆ ಇಳಿಯುವ ವಿಮಾನ ಸಾವಿರ ರೂಪಾಯಿ ಅಗ್ಗವೆಂದು ಹಿಡಿದವರೂ ಇದನ್ನೇ ಕಳೆದುಕೊಳ್ಳುತ್ತಾರೆ.

ಒಂದು ಲಕ್ಷದ ಲೆಕ್ಕ

ಕೈಯಲ್ಲಿ ಒಂದು ಲಕ್ಷ ರೂಪಾಯಿ ಇಟ್ಟುಕೊಂಡು ಆರು ರಾತ್ರಿ, ಏಳು ಹಗಲಿಗೆ ಹೊರಡುವ ಜೋಡಿಯೊಂದನ್ನು ಕಲ್ಪಿಸಿಕೊಳ್ಳಬಹುದು. ದರಗಳು ವಾರಕ್ಕೊಮ್ಮೆ ಬದಲಾಗುವುದರಿಂದ ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಹಿಡಿದವೇ ಹೊರತು ಯಾರೂ ಖಾತರಿ ಕೊಟ್ಟವಲ್ಲ.

ವಿಮಾನಕ್ಕೆ ಒಬ್ಬರಿಗೆ ಒಂದು ದಾರಿಗೆ 9,000 ಎಂದಾದರೆ ಇಬ್ಬರ ಹೋಗಿಬರುವ ಖರ್ಚು 36,000. ದ್ವೀಪದಿಂದ ದ್ವೀಪಕ್ಕೆ ಮೂರು ಬಾರಿ ದೋಣಿ ಪಯಣ. ಖಾಸಗಿ ವೇಗದ ದೋಣಿಗೆ ತಲೆಗೆ 1,500ರಂತೆ 9,000. ಪೋರ್ಟ್‌ಬ್ಲೇರಿನಲ್ಲಿ ಮೂರು ರಾತ್ರಿಗೆ 2,000ದಂತೆ, ಸಣ್ಣ ದ್ವೀಪಗಳಲ್ಲಿ ಮೂರು ರಾತ್ರಿಗೆ 4,000ದಂತೆ ಒಟ್ಟು 18,000. ಊಟ ತಿಂಡಿಗೆ ದಿನಕ್ಕೆ 1,500 ಹಿಡಿದರೆ 10,500. ಟ್ಯಾಕ್ಸಿ, ಆಟೊ, ಬಾಡಿಗೆ ಸ್ಕೂಟರಿಗೆ 8,000. ನೀರಿನಡಿಯ ಆಟಗಳಿಗೆ 9,000. ಕೂಡಿದರೆ 90,500. ಉಳಿಯುವುದು 9,500.

ಈ 9,500ರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಕೊಠಡಿಯನ್ನು ಒಂದು ದರ್ಜೆ ಮೇಲಕ್ಕೇರಿಸೋಣವೇ, ಕಡಲತೀರದಲ್ಲಿ ಮೇಣದಬತ್ತಿಯ ಊಟ ಹೇಳೋಣವೇ, ಅತ್ತಿಗೆಗೆ ಮುತ್ತಿನ ಸರ ತರೋಣವೇ? ಮುಟ್ಟಬಾರದ ಹಣ ಇದೇ. ಇದು ಕಡಲಿನ ಪಾಲು. ಕಡಲು ಎರಡು ದಿನ ಸಿಟ್ಟಾದರೆ ಹೆಚ್ಚಿನ ಎರಡು ರಾತ್ರಿಯ ಬಾಡಿಗೆಯೇ 8,000. ವಿಮಾನ ತಪ್ಪಿದರೆ ಅದೂ ಸಾಲದು.

ಅದೇನೂ ಕಾಲ್ಪನಿಕ ಭಯವಲ್ಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ವಾಯುಭಾರ ಕುಸಿತದಿಂದ ಕಡಲು ಉಕ್ಕಿ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ ಸಂಚಾರ ನಿಂತಿತ್ತು. ಗಾಳಿ ಇಳಿಯುವವರೆಗೆ ಕಾದು ನೌಕಾಪಡೆ, ಕರಾವಳಿ ಕಾವಲು ಪಡೆಯ ಹಡಗು ಮತ್ತು ಹೆಲಿಕಾಪ್ಟರುಗಳು ಅವರನ್ನು ಪೋರ್ಟ್‌ಬ್ಲೇರಿಗೆ ಕರೆತಂದವು. ಯಾರೂ ತಮ್ಮ ಖರ್ಚಿನ ಪಟ್ಟಿಯಲ್ಲಿ ‘ಬಿರುಗಾಳಿ’ ಎಂದು ಬರೆದುಕೊಂಡು ಬಂದಿದ್ದಿರಲಾರರು.

ಆದ್ದರಿಂದ ದ್ವೀಪದ ಪ್ರವಾಸವನ್ನು ಯೋಜಿಸುವವರು ಕೊನೆಯ ದಿನದಿಂದ ಹಿಂದಕ್ಕೆ ಬರಬೇಕು. ಏಳನೆಯ ದಿನ ವಾಪಸು ವಿಮಾನ. ಆರನೆಯ ದಿನ ಪೂರ್ತಿ ಪೋರ್ಟ್‌ಬ್ಲೇರಿನಲ್ಲೇ, ಯಾವ ದೋಣಿಗೂ ಮುಂಗಡ ಕಟ್ಟದೆ. ಐದನೆಯ ದಿನ ನೀಲ್‌ನಿಂದ ಪೋರ್ಟ್‌ಬ್ಲೇರಿಗೆ. ನಾಲ್ಕನೆಯ ದಿನ ಹ್ಯಾವ್‌ಲಾಕಿನಿಂದ ನೀಲ್‌ಗೆ. ಎರಡು ಮತ್ತು ಮೂರು ಹ್ಯಾವ್‌ಲಾಕ್. ಮೊದಲ ದಿನ ಬಂದಿಳಿದದ್ದು. ಹೀಗೆ ಜೋಡಿಸಿದರೆ ಐದನೆಯ ದಿನದ ದೋಣಿ ರದ್ದಾದರೂ ಆರನೆಯ ದಿನ ಕೈಯಲ್ಲಿರುತ್ತದೆ. ಪ್ಯಾಕೇಜು ಮಾರುವವರಲ್ಲಿ ಅನೇಕರು ಇದಕ್ಕೆ ತದ್ವಿರುದ್ಧವಾಗಿ ಕೊನೆಯ ರಾತ್ರಿಯನ್ನು ಹ್ಯಾವ್‌ಲಾಕಿನಲ್ಲಿಟ್ಟು, ಬೆಳಗಿನ ದೋಣಿ ಹಿಡಿದು ಮಧ್ಯಾಹ್ನದ ವಿಮಾನ ಹತ್ತಿಸುತ್ತಾರೆ. ಕಾಗದದ ಮೇಲೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ಗಾಳಿ ಬೀಸಿದರೆ ಎರಡು ವಿಮಾನ ಟಿಕೆಟ್ಟು ನೀರಿಗೆ ಬೀಳುತ್ತದೆ.

ಇದೇ ಲೆಕ್ಕದಲ್ಲಿ ವಿಮಾನದ ದರ ಒಂದು ದಾರಿಗೆ 9,000ದಿಂದ 12,000ಕ್ಕೆ ಏರಿತು ಎಂದಿಟ್ಟುಕೊಂಡರೆ, ಒಟ್ಟು ಖರ್ಚು 12,000 ಹೆಚ್ಚಿ 1,02,500 ಆಗುತ್ತದೆ. ಕಡಲಿನ ಪಾಲೂ ಹೋಯಿತು, ಮೇಲೆ 2,500 ಸಾಲ. ಕೊಠಡಿಯಲ್ಲಿ, ಊಟದಲ್ಲಿ ಎಷ್ಟು ಚೌಕಾಶಿ ಮಾಡಿದರೂ ಈ ಏಟನ್ನು ತುಂಬಿಕೊಳ್ಳುವುದು ಕಷ್ಟ. ದಿಬ್ಬಣದ ಬಸ್ಸು ಗೊತ್ತು ಮಾಡುವಾಗಲೇ ವಿಮಾನದ ಟಿಕೆಟ್ಟೂ ಗೊತ್ತಾಗಬೇಕು. ಹೋಟೆಲು ಆಮೇಲೆ ಆದರೂ ನಡೆದೀತು. ಟಿಕೆಟ್ಟಿನಲ್ಲಿ ಹುಡುಗಿಯ ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. ಗಂಡನ ಹೆಸರು ಸೇರಿಸುವ ಉತ್ಸಾಹದಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಲಗ್ನಪತ್ರಿಕೆ ತೋರಿಸುವ ಪಾಡು ಬೇಡ.

ಪ್ಯಾಕೇಜುಗಳ ಬಗ್ಗೆ ಒಂದು ಮಾತು. ‘ಐದು ರಾತ್ರಿ, ಆರು ಹಗಲು’ ಎಂಬ ಜಾಹೀರಾತಿನಲ್ಲಿ ಮೊದಲ ಹಗಲು ಮತ್ತು ಕೊನೆಯ ಹಗಲು ವಿಮಾನ ನಿಲ್ದಾಣದಲ್ಲೇ ಕಳೆಯುತ್ತವೆ. ಹಾಸಿಗೆಯ ಮೇಲೆ ಹೂವಿನ ಹೃದಯ, ಒಂದು ಕೇಕು, ಒಂದು ರಾತ್ರಿಯ ವಿಶೇಷ ಊಟ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ದೋಣಿ ರದ್ದಾದರೆ ಹಣ ಯಾರದು, ಮಧ್ಯಾಹ್ನದ ಊಟ ಸೇರಿದೆಯೇ, ದೋಣಿ ಯಾವ ದರ್ಜೆಯದು ಎಂಬುದು ಸಣ್ಣಕ್ಷರದಲ್ಲೂ ಇರುವುದಿಲ್ಲ. ಕೇಳಿ ಬರೆಸಿಕೊಳ್ಳುವುದು ಸಂಕೋಚದ ವಿಷಯವಲ್ಲ. ಹೂವಿನ ಹೃದಯ ಬೆಳಗಾಗುವುದರೊಳಗೆ ಬಾಡುತ್ತದೆ, ಕಂತಿನ ಸಾಲ ಮುಂದಿನ ವರ್ಷದ ದೀಪಾವಳಿಯವರೆಗೂ ಬಾಡುವುದಿಲ್ಲ.

ಕೊಠಡಿ, ಊಟ ಏಕೆ ಇಷ್ಟು ದುಬಾರಿ ಎಂದು ಗೊಣಗುವವರು ಒಮ್ಮೆ ಬಂದರಿನಲ್ಲಿ ನಿಂತು ನೋಡಬೇಕು. ಅಕ್ಕಿ, ಬೇಳೆ, ಸಿಮೆಂಟು, ಗ್ಯಾಸು, ಡೀಸೆಲ್ ಎಲ್ಲವೂ ಬಹುಮಟ್ಟಿಗೆ ಹಡಗಿನಲ್ಲೇ ಬರಬೇಕು. ಅಲ್ಲಿಂದ ಸಣ್ಣ ದ್ವೀಪಕ್ಕೆ ಇನ್ನೊಮ್ಮೆ ಏರಿಸಿ ಇಳಿಸಬೇಕು. ಅಷ್ಟು ಮಳೆ ಬಿದ್ದರೂ ಬೇಸಿಗೆಯಲ್ಲಿ ಸಿಹಿನೀರಿಗೆ ಅಲ್ಲಿ ಬರ. ಪೋರ್ಟ್‌ಬ್ಲೇರಿನ ಮನೆಗಳಿಗೆ ದಿನ ಬಿಟ್ಟು ದಿನ ನಲ್ಲಿ ಬರುವ ಕಾಲವೂ ಉಂಟು. ಹೋಟೆಲಿನ ತೊಟ್ಟಿಯಲ್ಲಿ ತುಂಬಿ ಹರಿಯುವ ನೀರು ಯಾವುದೋ ಮನೆಯ ಕೊಡದ ಪಾಲೂ ಆಗಿರಬಹುದು. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ತಮಿಳರು, ತೆಲುಗರು ಬಹುಕಾಲದಿಂದ ನೆಲೆಸಿರುವ ಊರಾದ್ದರಿಂದ ಇಡ್ಲಿ, ದೋಸೆ, ಸಾರು ಸಿಗುತ್ತವೆ. ಹ್ಯಾವ್‌ಲಾಕಿನಲ್ಲಿ ಬಂಗಾಳಿ ಊಟ. ಅಲ್ಲಿನ ಹಳ್ಳಿಗಳು ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ 1950ರ ದಶಕದಲ್ಲಿ ಭೂಮಿ ಕೊಟ್ಟು ಕಟ್ಟಿದವು. ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ ಎಂಬ ಹೆಸರುಗಳು ಅವರ ಜೊತೆಗೆ ಬಂದ ಭಕ್ತಿಯ ಗುರುತು.

ಹ್ಯಾವ್‌ಲಾಕ್, ನೀಲ್ ಎಂಬ ಹೆಸರುಗಳ ಕಥೆ ಬೇರೆ. ಇಬ್ಬರೂ 1857ರ ಬಂಡಾಯವನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾಧಿಕಾರಿಗಳು. 2018ರ ಡಿಸೆಂಬರ್ 30ರಂದು ಈ ದ್ವೀಪಗಳಿಗೆ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದು ಮರುನಾಮಕರಣವಾಯಿತು. ದೋಣಿಯ ಟಿಕೆಟ್ಟಿನಲ್ಲಿ ಹೊಸ ಹೆಸರು ಕಂಡು ಗಾಬರಿಯಾಗಬೇಕಿಲ್ಲ, ಊರು ಅದೇ.

ದುಡ್ಡು ಕೊಳ್ಳಬಹುದಾದದ್ದು, ಕೊಳ್ಳಬಾರದ್ದು

ಹ್ಯಾವ್‌ಲಾಕಿನ ಪಶ್ಚಿಮಕ್ಕೆ ರಾಧಾನಗರದ ಕಡಲತೀರ. ಟೈಮ್ ಪತ್ರಿಕೆ 2004ರಲ್ಲಿ ಇದನ್ನು ಏಷ್ಯಾದ ಅತ್ಯುತ್ತಮ ತೀರ ಎಂದಿತ್ತು. ದಡದವರೆಗೂ ಇಳಿದು ಬಂದ ಎತ್ತರದ ಕಾಡು, ಅದರ ಮುಂದೆ ಅರ್ಧಚಂದ್ರದಂತೆ ಬಾಗಿದ ಬಿಳಿಯ ಮರಳು. ಈ ಮರಳಿನ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಲು ಕಾಸು ಬೇಡ. ಹ್ಯಾವ್‌ಲಾಕಿನ ಕಡಲಲ್ಲಿ ಈಜುತ್ತಿದ್ದ ರಾಜನ್ ಎಂಬ ಆನೆಯನ್ನು ನೋಡಲು ಒಂದು ಕಾಲದಲ್ಲಿ ದೂರದೂರದಿಂದ ಜನ ಬರುತ್ತಿದ್ದರು. ಮರ ಸಾಗಿಸುವ ಕೆಲಸಕ್ಕೆಂದು ತಂದಿದ್ದ ಆನೆ ಅದು, 2016ರಲ್ಲಿ ತೀರಿಕೊಂಡಿತು. ಅದರ ಚಿತ್ರವನ್ನು ಇನ್ನೂ ಜಾಹೀರಾತಿನಲ್ಲಿ ತೋರಿಸುವವರ ಪ್ಯಾಕೇಜನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸುವುದು ಲೇಸು.

ರಾಧಾನಗರಕ್ಕೆ 2020ರಲ್ಲಿ ‘ನೀಲಿ ಬಾವುಟ’ ಎಂಬ ಅಂತರರಾಷ್ಟ್ರೀಯ ಸ್ವಚ್ಛತೆಯ ಮಾನ್ಯತೆ ಬಂತು. ಅದೇ ವರ್ಷ ಅದೇ ಪಟ್ಟಿಯಲ್ಲಿದ್ದ ಎಂಟು ತೀರಗಳಲ್ಲಿ ಎರಡು ಕರ್ನಾಟಕದವು: ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಲಕ್ಷದ ಲೆಕ್ಕ ಕೂಡದವರಿಗೆ ಇಲ್ಲೊಂದು ಸಮಾಧಾನವಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಮುಳುಗುಗಾರರು ಹವಳ, ಬಣ್ಣದ ಮೀನು ತೋರಿಸುತ್ತಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವಷ್ಟು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪದ ಶಿಲಾಕಂಬಗಳು. ರೈಲು, ಬಸ್ಸಿನ ದರದಲ್ಲಿ ದ್ವೀಪವೂ ಆಯಿತು, ಕಡಲೂ ಆಯಿತು. ಮುರ್ಡೇಶ್ವರಕ್ಕೆ ಹೋಗಿಬಂದೆವು ಎಂದರೆ ನೆಂಟರು ‘ಬರೀ ಅಷ್ಟೇನಾ’ ಎನ್ನಬಹುದು. ನೆಂಟರು ಕಂತು ಕಟ್ಟುವುದಿಲ್ಲ.

ಅಂಡಮಾನಿನಲ್ಲಿ ದುಡ್ಡು ನಿಜಕ್ಕೂ ಸಾರ್ಥಕವಾಗುವುದು ನೀರಿನ ಕೆಳಗೆ. ಈಜು ಬಾರದವರನ್ನೂ ತರಬೇತಿ ಪಡೆದವರು ಕೈಹಿಡಿದು ಕೆಲವು ಮೀಟರ್ ಆಳಕ್ಕೆ ಕರೆದೊಯ್ಯುತ್ತಾರೆ. ಹವಳ ಕಲ್ಲಲ್ಲ, ಗಿಡವಲ್ಲ. ಸಣ್ಣ ಸಣ್ಣ ಪ್ರಾಣಿಗಳು ತಲೆಮಾರುಗಟ್ಟಲೆ ಸುಣ್ಣ ಸುರಿಸಿ ಕಟ್ಟಿದ ಊರು. ಕಡಲು ಒಂದೆರಡು ಡಿಗ್ರಿ ಹೆಚ್ಚು ಕಾದರೆ ಅವುಗಳೊಳಗಿನ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ಅಂಡಮಾನಿನ ಹವಳಕ್ಕೆ 2010ರಲ್ಲಿ ಅಂಥದೊಂದು ದೊಡ್ಡ ಹೊಡೆತ ಬಿತ್ತು, 2016ರಲ್ಲಿ ಮತ್ತೆ. ಕಾಲಿಟ್ಟು ನಿಂತು ಫೋಟೋ ತೆಗೆಸಿಕೊಳ್ಳುವವರ ತೂಕವನ್ನೂ ಅದು ತಾಳಬೇಕಾಗಿದೆ. ಬಿದ್ದ ಹವಳದ ತುಂಡನ್ನೋ ದೊಡ್ಡ ಶಂಖವನ್ನೋ ಎತ್ತಿಕೊಂಡು ಬರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪೆಟ್ಟಿಗೆ ಬಿಚ್ಚಿಸುತ್ತಾರೆ. ಎಲ್ಲಿ ಈಜಬಹುದು ಎಂದು ಕಟ್ಟಿದ ಫಲಕಗಳನ್ನು ತಾಯ್ತಂದೆಯರ ಬುದ್ಧಿಮಾತಿನಂತೆ ಕಡೆಗಣಿಸುವಂತಿಲ್ಲ. ಆ ದ್ವೀಪಗಳ ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಸಮೀಪದಲ್ಲೇ ಪ್ರವಾಸಿ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾದರು.

ಪಟ್ಟಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮದುಮಕ್ಕಳು ತುಸು ತಡೆದು ಯೋಚಿಸಬೇಕಾದ ಪಯಣ ಇನ್ನೊಂದಿದೆ: ಬಾರಾಟಾಂಗ್. ಸುಣ್ಣಕಲ್ಲಿನ ಗುಹೆ, ಕೆಸರು ಉಕ್ಕುವ ಜ್ವಾಲಾಮುಖಿ ನೋಡಲು ಒಂದು ದಿನದ ಪ್ರವಾಸ ಎಂದು ಕರೆದೊಯ್ಯುತ್ತಾರೆ. ಅಲ್ಲಿಗೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಬುಡಕಟ್ಟಿನ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಜಾರವಾ ಜನ ಒಟ್ಟು ಕೆಲವೇ ನೂರು. 1990ರ ದಶಕದ ಕೊನೆಯವರೆಗೆ ಹೊರಗಿನವರನ್ನು ಹತ್ತಿರ ಸೇರಿಸದೆ ಬಾಳಿದವರು. ಹೊರಗಿನವರ ಸಂಪರ್ಕ ಬೆಳೆಯುತ್ತಿದ್ದಂತೆಯೇ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. ನಮ್ಮ ಮಕ್ಕಳಿಗೆ ಚುಚ್ಚುಮದ್ದಿನಲ್ಲಿ ಹೋಗುವ ರೋಗ ಅವರ ಮೈಗೆ ಗೊತ್ತೇ ಇರಲಿಲ್ಲ. ಮೀಸಲು ಪ್ರದೇಶದ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತ್ತು. ರಸ್ತೆ ಮುಚ್ಚಲಿಲ್ಲ. ಪ್ರವಾಸಿಗರೆದುರು ಜಾರವಾ ಹೆಂಗಸರನ್ನು ತಿನಿಸಿನಾಸೆಗೆ ಕುಣಿಸಿದ ದೃಶ್ಯಗಳು 2012ರಲ್ಲಿ ಲೋಕಕ್ಕೆಲ್ಲ ಕಂಡವು. ಮರುವರ್ಷದ ಆರಂಭದಲ್ಲಿ ನ್ಯಾಯಾಲಯ ಕೆಲವು ವಾರ ಆ ದಾರಿಯಲ್ಲಿ ಪ್ರವಾಸಿಗರನ್ನೇ ತಡೆಯಿತು.

ಆ ದಾರಿಯಲ್ಲಿ ಗೊತ್ತಾದ ಹೊತ್ತಿಗೆ, ಪೊಲೀಸರ ಬೆಂಗಾವಲಿನಲ್ಲಿ, ಸಾಲುಗಟ್ಟಿ ಹೋಗಬೇಕು. ನಿಲ್ಲುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿನಿಸು ಎಸೆಯುವಂತಿಲ್ಲ. ತಪ್ಪಿದರೆ ಜೈಲು. ಆದರೂ ‘ದಾರಿಯಲ್ಲಿ ಅದೃಷ್ಟವಿದ್ದರೆ ಕಾಣಿಸುತ್ತಾರೆ’ ಎಂದು ಪಿಸುಗುಟ್ಟಿ ಟಿಕೆಟ್ಟು ಮಾರುವವರಿದ್ದಾರೆ. ಮನುಷ್ಯರನ್ನು ಹುಲಿಯಂತೆ, ಜಿಂಕೆಯಂತೆ ಕಿಟಕಿಯಿಂದ ಹುಡುಕುವ ಈ ಪಯಣಕ್ಕೆ ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗುವ ಬದಲು ಆ ದಿನವನ್ನು ಪೋರ್ಟ್‌ಬ್ಲೇರಿನಲ್ಲೇ ಕಳೆಯಬಹುದು. ಮೇಲಿನ ಲಕ್ಷದ ಲೆಕ್ಕದಲ್ಲಿ ಬಾರಾಟಾಂಗ್ ಇಲ್ಲದಿರುವುದು ಮರೆತು ಅಲ್ಲ.

ಆರನೆಯ ದಿನ, ಕಡಲು ತನ್ನ ಪಾಲನ್ನು ಕೇಳದಿದ್ದರೆ, ನೋಡಬೇಕಾದದ್ದು ಊರಲ್ಲೇ ಇದೆ. ಸೆಲ್ಯುಲರ್ ಜೈಲು 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿಯಿತು. ನಡುವಿನ ಗೋಪುರದಿಂದ ಚಕ್ರದ ಅರೆಗಳಂತೆ ಏಳು ಸಾಲು ಕಟ್ಟಡ. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದರ ಬೆನ್ನು, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದೆಂದು. ಏಳರಲ್ಲಿ ಈಗ ಉಳಿದಿರುವುದು ಮೂರು. ಕೋಣೆಯೊಂದರ ಅಗಲ ಏಳೂವರೆ ಅಡಿ, ಉದ್ದ ಹದಿಮೂರೂವರೆ, ಎತ್ತರದಲ್ಲೊಂದು ಕಿಂಡಿ. ಕಡಲು ಇಷ್ಟು ಹತ್ತಿರವಿದ್ದರೂ ಆ ಕಿಂಡಿಯಿಂದ ಕಾಣುವುದಿಲ್ಲ. 1979ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಇಡೀ ಪ್ರವಾಸದಲ್ಲಿ ಅತ್ಯಂತ ಅಗ್ಗದ ಟಿಕೆಟ್ಟುಗಳಲ್ಲಿ ಇದೂ ಒಂದು.

ಈ ಜೈಲಿಗೂ ಹಿಂದಿನದು ಕೈದಿಗಳ ವಸಾಹತು. 1857ರ ಬಂಡಾಯದ ಮರುವರ್ಷವೇ ಹಡಗುಗಟ್ಟಲೆ ಜನರನ್ನು ಇಲ್ಲಿಗೆ ತಂದು ಇಳಿಸಲಾಯಿತು, ಆಮೇಲೆ ಹೆಂಗಸರನ್ನೂ. ವರ್ಷಗಟ್ಟಲೆ ಒಳ್ಳೆಯ ನಡತೆ ತೋರಿದ ಗಂಡಸಿಗೆ ಸ್ವಂತ ದುಡಿದು ತಿನ್ನುವ ಪರವಾನಗಿ ಸಿಗುತ್ತಿತ್ತು. ಅಂಥವನು ಸರ್ಕಾರದ ಒಪ್ಪಿಗೆ ಪಡೆದು ಮಹಿಳಾ ಕೈದಿಯೊಬ್ಬಳನ್ನು ಮದುವೆಯಾಗಿ, ತುಂಡು ಭೂಮಿಯಲ್ಲಿ ಗುಡಿಸಲು ಕಟ್ಟಿಕೊಳ್ಳಬಹುದಿತ್ತು. ಭಾಷೆ ಬೇರೆ, ಜಾತಿ ಬೇರೆ, ಊರು ಸಾವಿರ ಮೈಲಿ ಆಚೆ. ಇಬ್ಬರಿಗೂ ವಾಪಸು ಟಿಕೆಟ್ಟು ಇರಲಿಲ್ಲ. ಅವರ ಮಕ್ಕಳು ಹಿಂದಿ, ಉರ್ದು ಬೆರೆತ ಹಿಂದುಸ್ತಾನಿ ಆಡಿ ಬೆಳೆದರು. ಆ ಮನೆತನಗಳವರನ್ನು ಇಲ್ಲಿ ‘ಲೋಕಲ್ ಬಾರ್ನ್’ ಎಂದು ಕರೆಯುತ್ತಾರೆ. ಅಬರ್ಡೀನ್ ಬಜಾರಿನಲ್ಲಿ ಊರಿಗೆ ಒಯ್ಯಲು ಏನಾದರೂ ಕೊಳ್ಳುತ್ತ ಚೌಕಾಶಿ ಮಾಡುವ ಹೊಸ ಜೋಡಿಗೆ ಚಿಲ್ಲರೆ ಎಣಿಸಿ ಕೊಡುವವರು ಅಂಥ ಮನೆಯವರೇ ಆಗಿರಬಹುದು.